ಉದ್ಯಮ್ ಪೋರ್ಟಲ್: ಒಬ್ಬರೇ ಕಾಂಟ್ರಾಕ್ಟ್ ಹಿಡಿದು ದುಡಿಯುವವರಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಸಂಬಳದ ನೌಕರಿ ಬಿಟ್ಟು ಕಾಂಟ್ರಾಕ್ಟ್ ಮೇಲೆ ಕೆಲಸ ಶುರು ಮಾಡಿದ ಡೆವಲಪರ್, ಡಿಸೈನರ್, ಅನುವಾದಕ, ವಿಡಿಯೊ ಎಡಿಟರ್, ಸೈಟ್ ಎಂಜಿನಿಯರ್ ಎಲ್ಲರಿಗೂ ಮೊದಲ ದೊಡ್ಡ ಗಿರಾಕಿಯಿಂದ ಬರುವುದು ಒಂದು ವೆಂಡರ್ ಫಾರ್ಮ್. ಜಿಎಸ್‌ಟಿ ನಂಬರ್, ಎಂಎಸ್‌ಎಂಇ ನಂಬರ್, ಪ್ಯಾನ್, ರದ್ದು ಮಾಡಿದ ಚೆಕ್ ಎಂದು ಅದರಲ್ಲಿ ಸಾಲಾಗಿ ಕೇಳಿರುತ್ತಾರೆ. ಆಗ ಹುಟ್ಟುವ ಪ್ರಶ್ನೆ, 'ನನಗೆ ಯಾವ ಲೈಸೆನ್ಸ್ ಬೇಕು?' ಎಂಬುದು. ಕರ್ನಾಟಕದಲ್ಲಿ ಇದಕ್ಕೆ ಒಂದೇ ಕಿಟಕಿ ಇಲ್ಲ. ಫಾರ್ಮಿನಲ್ಲಿ ಎಂಎಸ್‌ಎಂಇ ನಂಬರ್ ಎಂದು ಕೇಳುವ ಉದ್ಯಮ್ ನೋಂದಣಿ ಕೇಂದ್ರ ಸರ್ಕಾರದ್ದು, ವೃತ್ತಿ ತೆರಿಗೆ ರಾಜ್ಯದ್ದು, ಜಿಎಸ್‌ಟಿ ಇಬ್ಬರದ್ದೂ, ಅಂಗಡಿ ಕಾಯ್ದೆಯ ನೋಂದಣಿ ಕಾರ್ಮಿಕ ಇಲಾಖೆಯದ್ದು. ಇವುಗಳಲ್ಲಿ ಬಳಸಲು ಅತಿ ಸಲೀಸಾದದ್ದು ಉದ್ಯಮ್. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಅದರ ಬಗ್ಗೆಯೇ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಅದಕ್ಕೇ ಮೀಸಲು. ಉಳಿದವನ್ನು ಅದರ ಪಕ್ಕ ಇಟ್ಟು ನೋಡೋಣ.

ಮೊದಲೇ ಹೇಳಿಬಿಡಬೇಕಾದ ಮಾತು: ಉದ್ಯಮ್ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ. ಅದಿಲ್ಲದೆ ಕೆಲಸ ಮಾಡಿದರೆ ದಂಡವಿಲ್ಲ, ಅದಿದ್ದ ಮಾತ್ರಕ್ಕೆ ಯಾವ ಕೆಲಸಕ್ಕೂ ಅನುಮತಿ ಸಿಕ್ಕಂತಲ್ಲ. ನೀವು 2006ರ ಎಂಎಸ್‌ಎಂಇಡಿ ಕಾಯ್ದೆಯಡಿ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಡಿ ಬರುವ ಸಣ್ಣ ಉದ್ಯಮ ಎಂದು ಸರ್ಕಾರ ಗುರುತಿಸಿದ್ದಕ್ಕೆ ಅದು ಪುರಾವೆ, ಅಷ್ಟೇ. ಆದರೆ ಆ ಪುರಾವೆಯ ಹಿಂದೆ ಬಾಕಿ ವಸೂಲಿಯ ಒಂದು ಗಟ್ಟಿ ಹಕ್ಕಿದೆ. ಒಬ್ಬರೇ ದುಡಿಯುವವರು ಉದ್ಯಮ್ ಮಾಡಿಸಬೇಕಾದ್ದು ಮುಖ್ಯವಾಗಿ ಆ ಹಕ್ಕಿಗಾಗಿ.

ಅರ್ಜಿ ತುಂಬುವ ಅನುಭವ

2020ರ ಜುಲೈ 1ರಿಂದ ಹಳೆಯ ಉದ್ಯೋಗ್ ಆಧಾರ್ ಜಾಗದಲ್ಲಿ ಈ ಪೋರ್ಟಲ್ ಬಂತು. ಶುಲ್ಕವಿಲ್ಲ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ, ನವೀಕರಣವಿಲ್ಲ. ಆಧಾರ್ ಸಂಖ್ಯೆ, ಅದಕ್ಕೆ ಜೋಡಣೆಯಾದ ಮೊಬೈಲ್, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಇವಿಷ್ಟು ಕೈಯಲ್ಲಿದ್ದರೆ ಒಂದೇ ಕೂತಿಗೆ ಮುಗಿಯುತ್ತದೆ. ಸರ್ಕಾರಿ ಪೋರ್ಟಲ್‌ಗಳ ಮಟ್ಟಿಗೆ ಇದು ನಿಜಕ್ಕೂ ಅಪರೂಪ.

ಹೊಸಬರ ಗುಂಡಿ ಒತ್ತಿ ಆಧಾರ್ ಸಂಖ್ಯೆ ಮತ್ತು ಆಧಾರ್‌ನಲ್ಲಿ ಇರುವ ಹಾಗೆಯೇ ಹೆಸರು ಕೊಟ್ಟರೆ ಓಟಿಪಿ ಬರುತ್ತದೆ. ಸಂಸ್ಥೆಯ ಬಗೆ ಕೇಳಿದಾಗ ಪ್ರೊಪ್ರೈಟರಿ ಎಂದು ಆರಿಸಿ ನಿಮ್ಮ ಸ್ವಂತ ಪ್ಯಾನ್ ಕೊಡಬೇಕು. ಮೊದಲ ತೊಡಕು ಇಲ್ಲೇ ಎದುರಾಗುವುದು. ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ, ಪ್ಯಾನ್‌ನಲ್ಲಿ ತಂದೆಯ ಪೂರ್ತಿ ಹೆಸರು ಇರುವುದು ನಮ್ಮ ಕಡೆ ತೀರಾ ಸಾಮಾನ್ಯ. ಹೆಸರು ತಾಳೆಯಾಗದಿದ್ದರೆ ಪೋರ್ಟಲ್ ಮುಂದಕ್ಕೆ ಬಿಡುವುದಿಲ್ಲ. ಹತ್ತು ಸಲ ಮತ್ತೆ ಮತ್ತೆ ಟೈಪ್ ಮಾಡಿ ಪ್ರಯೋಜನವಿಲ್ಲ. ಎರಡರಲ್ಲಿ ಒಂದನ್ನು ಮೊದಲು ತಿದ್ದಿಸಿಕೊಳ್ಳಬೇಕು. ಮೊಬೈಲ್ ಜೋಡಣೆಯಾಗಿಲ್ಲದಿದ್ದರೂ ಅಷ್ಟೇ, ಮೊದಲು ಆಧಾರ್ ಸರಿಯಾಗಬೇಕು.

ಮುಂದೆ ಹಿಂದಿನ ವರ್ಷದ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದೀರಾ, ಜಿಎಸ್‌ಟಿ ಇದೆಯೇ ಎಂದು ಕೇಳುತ್ತದೆ. ಜಿಎಸ್‌ಟಿ ನೋಂದಣಿ ಕಾನೂನಿನ ಪ್ರಕಾರ ನಿಮಗೆ ಬೇಕಿಲ್ಲದಿದ್ದರೆ ಇಲ್ಲ ಎನ್ನಬಹುದು. ಉದ್ಯಮ್‌ಗೆ ಜಿಎಸ್‌ಟಿ ಕಡ್ಡಾಯ ಎಂಬ ಮಾತು ಇನ್ನೂ ಓಡಾಡುತ್ತಿದೆ, ಆದರೆ ಜಿಎಸ್‌ಟಿ ಮಿತಿಯೊಳಗಿನವರಿಗೆ 2021ರ ಮಾರ್ಚ್‌ನಲ್ಲೇ ವಿನಾಯಿತಿ ಕೊಟ್ಟಾಗಿದೆ. ರಿಟರ್ನ್ ಸಲ್ಲಿಸಿದ್ದರೆ ಬಂಡವಾಳ ಮತ್ತು ವಹಿವಾಟಿನ ಅಂಕಿಗಳನ್ನು ಪೋರ್ಟಲ್ ತಾನೇ ಎಳೆದುಕೊಳ್ಳುತ್ತದೆ.

ಹೊಸಬರು ಬಂಡವಾಳದ ಅಂಕಿ ತಾವೇ ಹಾಕಬೇಕು. ಇಲ್ಲಿ ಯಂತ್ರೋಪಕರಣ ಎಂದರೆ ಭೂಮಿ, ಕಟ್ಟಡ, ಪೀಠೋಪಕರಣ ಬಿಟ್ಟು ಉಳಿದ ಸ್ಥಿರ ಆಸ್ತಿ. ಲ್ಯಾಪ್‌ಟಾಪ್, ಕ್ಯಾಮೆರಾ, ಪ್ರಿಂಟರ್ ಸೇರುತ್ತವೆ. ಮೇಜು ಕುರ್ಚಿ ಸೇರುವುದಿಲ್ಲ. ಬಿಲ್ಲಿನಲ್ಲಿರುವ ಬೆಲೆಯಿಂದ ಜಿಎಸ್‌ಟಿ ಕಳೆದು ಹಾಕಬೇಕು, ಸೆಕೆಂಡ್ ಹ್ಯಾಂಡ್ ಕೊಂಡಿದ್ದರೂ ಇದೇ ಲೆಕ್ಕ. 2025ರ ಏಪ್ರಿಲ್ 1ರಿಂದ ಸೂಕ್ಷ್ಮ ಉದ್ಯಮದ ಮಿತಿ ಬಂಡವಾಳ ಎರಡೂವರೆ ಕೋಟಿ, ವಹಿವಾಟು 10 ಕೋಟಿ. ಒಬ್ಬರೇ ದುಡಿಯುವವರು ಆ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಹಾಗಾಗಿ ಈ ಅಂಕಿಯ ಬಗ್ಗೆ ತಲೆಬಿಸಿ ಬೇಡ, ಸುಳ್ಳು ಮಾತ್ರ ಬೇಡ.

ತಲೆಬಿಸಿ ಮಾಡಿಕೊಳ್ಳಬೇಕಾದ್ದು ಚಟುವಟಿಕೆಯ ಆಯ್ಕೆಯಲ್ಲಿ. ಉತ್ಪಾದನೆ, ಸೇವೆ, ವ್ಯಾಪಾರ ಎಂದು ಮೂರು ಬಗೆ ಇವೆ. 2021ರ ಜುಲೈಯಿಂದ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಕೊಟ್ಟಿದ್ದಾರೆ, ಆದರೆ ಅದರ ಲಾಭ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ. ಬಾಕಿ ವಸೂಲಿಯ ಹಕ್ಕು ವ್ಯಾಪಾರಿಗೆ ಇಲ್ಲ. ವೆಬ್‌ಸೈಟ್ ಮಾಡಿಕೊಡುವವರು, ಜೊತೆಗೆ ಡೊಮೈನ್ ಮಾರುತ್ತೇನಲ್ಲ ಎಂದುಕೊಂಡು ವ್ಯಾಪಾರ ಎಂದು ಗುರುತು ಹಾಕಿದರೆ ಸರ್ಟಿಫಿಕೇಟಿನ ಸತ್ವವೇ ಹೋಯಿತು. ಸೈಬರ್ ಸೆಂಟರಿನಲ್ಲಿ ತುಂಬಿಸಿದ ಅರ್ಜಿಗಳಲ್ಲಿ ಈ ತಪ್ಪು ಆಗಾಗ ಕಾಣುತ್ತದೆ, ಏಕೆಂದರೆ ತುಂಬುವವರಿಗೆ ಇದು ಬರೀ ಇನ್ನೊಂದು ಡ್ರಾಪ್‌ಡೌನ್.

ಸೇವೆ ಎಂದು ಆರಿಸಿದ ಮೇಲೆ ಎನ್‌ಐಸಿ ಕೋಡ್, ಅಂದರೆ ನೀವು ಮಾಡುವ ಕೆಲಸಕ್ಕೆ ಸರ್ಕಾರದ ವರ್ಗೀಕರಣದಲ್ಲಿರುವ ಸಂಖ್ಯೆ. ಮೊದಲು ಎರಡಂಕಿ, ಆಮೇಲೆ ನಾಲ್ಕು, ಕೊನೆಗೆ ಐದಂಕಿಯ ಕೋಡ್ ಆರಿಸಬೇಕು. ಗಿರಾಕಿಯ ಅಗತ್ಯಕ್ಕೆ ಪ್ರೋಗ್ರಾಂ ಬರೆಯುವವರಿಗೆ 62011, ವೆಬ್ ಪುಟ ವಿನ್ಯಾಸಕ್ಕೆ 62012, ಸಾಫ್ಟ್‌ವೇರ್ ನಿರ್ವಹಣೆಗೆ 62013. ಒಂದು ಪ್ಯಾನ್‌ಗೆ ಒಂದೇ ಉದ್ಯಮ್ ಸಂಖ್ಯೆ, ಆದರೆ ಅದರೊಳಗೆ ಹಲವು ಕೋಡ್ ಸೇರಿಸಬಹುದು. ನೀವು ನಿಜವಾಗಿ ಬಿಲ್ ಮಾಡುವ ಎಲ್ಲ ಕೆಲಸದ ಕೋಡ್‌ಗಳನ್ನೂ ಸೇರಿಸಿ. ಮುಂದೆ ತಗಾದೆ ಬಂದಾಗ, ಬಿಲ್ ಮಾಡಿದ ಕೆಲಸವೇ ಸರ್ಟಿಫಿಕೇಟಿನಲ್ಲಿ ಇಲ್ಲ ಎಂದು ಎದುರು ಪಾರ್ಟಿಯ ವಕೀಲರು ಎತ್ತಿ ತೋರಿಸಲು ಅವಕಾಶ ಇರಬಾರದು.

ಕೊನೆಯ ಓಟಿಪಿ ಆದ ಮೇಲೆ ಸಂಖ್ಯೆ ಬರುತ್ತದೆ. ಉದ್ಯಮ್ ಎಂಬ ಪದ, ಕರ್ನಾಟಕದ ಗುರುತಾಗಿ ಕೆಆರ್, ಜಿಲ್ಲೆಯ ಸಂಖ್ಯೆ, ಆಮೇಲೆ ಏಳಂಕಿ, ಇದು ಅದರ ವಿನ್ಯಾಸ. ಕ್ಯೂಆರ್ ಕೋಡ್ ಇರುವ ಸರ್ಟಿಫಿಕೇಟನ್ನು ಅಲ್ಲೇ ಇಳಿಸಿಕೊಳ್ಳಬಹುದು.

ಸೇವೆಯ ಬಗ್ಗೆ ಒಂದೇ ದೊಡ್ಡ ದೂರು. ಹುಡುಕು ತಾಣದಲ್ಲಿ ಉದ್ಯಮ್ ಎಂದು ಟೈಪ್ ಮಾಡಿದರೆ ಅಸಲಿ ಪೋರ್ಟಲ್ಲಿನ ಮುಂದೆ ಅದರದೇ ಬಣ್ಣ, ಅದರದೇ ಲಾಂಛನದ ಭಂಗಿ ಹೊತ್ತ ಖಾಸಗಿ ತಾಣಗಳು ಸಾಲುಗಟ್ಟಿ ನಿಲ್ಲುತ್ತವೆ. ಅವು ಉಚಿತ ಸೇವೆಗೆ ಶುಲ್ಕ ಕೀಳುತ್ತವೆ, ಕೆಲವು ನವೀಕರಣ ಬಾಕಿ ಎಂದು ಹೆದರಿಸುತ್ತವೆ. ನವೀಕರಣ ಎಂಬುದೇ ಇಲ್ಲ ಎಂದು ಮೇಲೆ ಹೇಳಿಯಾಗಿದೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯೇ ಎಂದು ನೋಡದೆ ಆಧಾರ್ ಸಂಖ್ಯೆ ಟೈಪ್ ಮಾಡಬೇಡಿ. ಅಲ್ಲಿ ಹೋಗುವುದು ದುಡ್ಡು ಮಾತ್ರವಲ್ಲ, ನಿಮ್ಮ ಓಟಿಪಿ ಕೂಡ.

45 ದಿನದ ಹಕ್ಕು

ಈ ನೋಂದಣಿಯ ಜೀವ ಇರುವುದು ಇಲ್ಲಿ. ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಒಪ್ಪಂದದಲ್ಲಿ ಬರೆದ ದಿನಾಂಕದೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದದಲ್ಲಿ ಅವಧಿ ಬರೆದೇ ಇಲ್ಲದಿದ್ದರೆ ಸಿಗುವುದು 15 ದಿನ ಮಾತ್ರ. ಕಂಪನಿಯ ವೆಂಡರ್ ಪಾಲಿಸಿಯಲ್ಲಿ 90 ದಿನ ಎಂದಿದ್ದರೂ ಕಾನೂನಿನ ಮುಂದೆ ಅದಕ್ಕೆ ಬೆಲೆಯಿಲ್ಲ. ಅವಧಿ ಮೀರಿದರೆ 16ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಸೇರುವ ಚಕ್ರಬಡ್ಡಿ.

ದಿನ ಎಣಿಸುವುದು ಬಿಲ್ ಕಳಿಸಿದ ದಿನದಿಂದಲ್ಲ, ಕೆಲಸವನ್ನು ಒಪ್ಪಿಕೊಂಡ ದಿನದಿಂದ. ಕೆಲಸ ಕೈಸೇರಿದ 15 ದಿನದೊಳಗೆ ಗಿರಾಕಿ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ಆದ್ದರಿಂದ ಕೆಲಸ ಒಪ್ಪಿಸುವುದು ಇಮೇಲ್‌ನಲ್ಲಿ ಇರಲಿ. ವಾಟ್ಸಾಪ್ ಕಾಲ್‌ನಲ್ಲಿ 'ಸರ್, ಎಲ್ಲ ಅಪ್‌ಲೋಡ್ ಮಾಡಿದ್ದೀನಿ' ಎಂದು ಹೇಳಿ ಸುಮ್ಮನಾದವರಿಗೆ ಆಮೇಲೆ ತೋರಿಸಲು ದಿನಾಂಕವೇ ಇರುವುದಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ, ಸೂಕ್ಷ್ಮ ಉದ್ಯಮ ಎಂಬ ವರ್ಗ, ಹಣ ಕೊಡಬೇಕಾದ ಕೊನೆಯ ದಿನಾಂಕ ಮೂರನ್ನೂ ಅಚ್ಚು ಹಾಕಿಸಿ.

ನೋಂದಣಿಯ ದಿನಾಂಕವೂ ಮುಖ್ಯ. ಕೆಲಸ ಮುಗಿದು, ಹಣ ಸಿಕ್ಕಿಹಾಕಿಕೊಂಡ ಮೇಲೆ ಓಡಿಹೋಗಿ ಉದ್ಯಮ್ ಮಾಡಿಸಿದರೆ ಹಿಂದಿನ ಬಿಲ್ಲಿಗೆ ಅದು ಅನ್ವಯಿಸುವುದಿಲ್ಲ ಎಂಬುದು 2021ರ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳೆದ ನಿಲುವು. ಆ ನಂತರ ಈ ಪ್ರಶ್ನೆ ಕೋರ್ಟಿನಲ್ಲಿ ಮತ್ತೆ ಚರ್ಚೆಗೆ ಬಂದಿದೆಯಾದರೂ, ಆ ಗೋಜಲಿನಲ್ಲಿ ನಿಮ್ಮ ಬಿಲ್ ಯಾಕೆ ಸಿಗಿಸಬೇಕು? ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನೋಂದಣಿ ಆಗಿರಲಿ.

ಆದಾಯ ತೆರಿಗೆಯ ಕಡೆಯಿಂದಲೂ ಗಿರಾಕಿಯ ಮೇಲೆ ಒತ್ತಡವಿದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ 43ಬಿ(ಎಚ್) ನಿಯಮದ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಈ ಅವಧಿಯೊಳಗೆ ಹಣ ಕೊಡದೆ ವರ್ಷಾಂತ್ಯಕ್ಕೆ ಬಾಕಿ ಉಳಿಸಿಕೊಂಡರೆ ಆ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಮಾರ್ಚ್ ಹತ್ತಿರ ಬಂದಾಗ ಕಂಪನಿಗಳ ಅಕೌಂಟ್ಸ್ ವಿಭಾಗ ವೆಂಡರ್‌ಗಳಿಂದ ಉದ್ಯಮ್ ಸರ್ಟಿಫಿಕೇಟ್ ಕೇಳಲು ಇದೇ ಕಾರಣ. ಇದರ ಉಲ್ಟಾ ಪರಿಣಾಮವೂ ಇದೆ: 45 ದಿನದ ಕಟ್ಟಿಗೆ ಬೀಳಲು ಇಷ್ಟವಿಲ್ಲದ ಕೆಲವು ಗಿರಾಕಿಗಳು, ನೋಂದಣಿ ಇಲ್ಲದವರಿಗೇ ಕೆಲಸ ಕೊಡುತ್ತೇವೆ ಎನ್ನುತ್ತಾರೆ. ಅಂಥವರ ಪಾವತಿ ಹೇಗಿರುತ್ತದೆ ಎಂಬುದಕ್ಕೆ ಬೇರೆ ಸೂಚನೆ ಬೇಕಿಲ್ಲ.

ಹಕ್ಕು ಚಲಾಯಿಸುವ ಜಾಗದಲ್ಲಿ ಮಾತ್ರ ಸೇವೆ ಸೊರಗುತ್ತದೆ. ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಬಹುದು. 2017ರಲ್ಲಿ ಬಂದ ಸಮಾಧಾನ್ ಪೋರ್ಟಲ್ ಇತ್ತು, 2025ರ ಜೂನ್‌ನಲ್ಲಿ ಆನ್‌ಲೈನ್ ವ್ಯಾಜ್ಯ ಪರಿಹಾರದ ಹೊಸ ಪೋರ್ಟಲ್ ಬಂತು. ದೂರು ಇಂಥ ಬಾಕಿ ತಗಾದೆಗಳನ್ನು ಕೇಳುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಮೊದಲು ರಾಜಿ, ಅದು ಮುರಿದರೆ ಪಂಚಾಯ್ತಿಕೆ (ಆರ್ಬಿಟ್ರೇಶನ್). 90 ದಿನದಲ್ಲಿ ತೀರ್ಮಾನ ಆಗಬೇಕು ಎಂದು ಕಾಯ್ದೆ ಹೇಳುತ್ತದೆ, ಕೌನ್ಸಿಲ್ಲಿನ ಕ್ಯಾಲೆಂಡರ್ ಬೇರೆಯೇ ಹೇಳುತ್ತದೆ. ಆದರೂ ಒಂದು ಹಲ್ಲು ಗಟ್ಟಿಯಾಗಿದೆ: ತೀರ್ಪಿನ ವಿರುದ್ಧ ಗಿರಾಕಿ ಕೋರ್ಟಿಗೆ ಹೋಗಬೇಕೆಂದರೆ ತೀರ್ಪಿನ ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಇದು ಗೊತ್ತಿರುವ ಕಂಪನಿಯ ಲೀಗಲ್ ವಿಭಾಗಕ್ಕೆ, 15 ಮತ್ತು 16ನೇ ಸೆಕ್ಷನ್ ಉಲ್ಲೇಖಿಸಿ ಬಡ್ಡಿ ಲೆಕ್ಕ ಹಾಕಿದ ಒಂದು ಇಮೇಲ್ ಹೋದರೆ ಎಷ್ಟೋ ಪ್ರಕರಣಗಳು ಕೌನ್ಸಿಲ್‌ವರೆಗೆ ಹೋಗಬೇಕಾಗಿ ಬರುವುದಿಲ್ಲ. ವಿದೇಶದ ಗಿರಾಕಿಯ ಮೇಲೆ ಈ ಅಸ್ತ್ರ ಓಡುತ್ತದೆ ಎಂದು ನಂಬಿ ಕೂರಬೇಡಿ. ಅಲ್ಲಿ ಮುಂಗಡವೇ ರಕ್ಷಣೆ.

ಇನ್ನೊಂದು ಉಪಯೋಗ ಬ್ಯಾಂಕಿನಲ್ಲಿ. ಬಿಸಿನೆಸ್ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯಲು ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ ಎರಡು ಪುರಾವೆ ಕೇಳುತ್ತದೆ. ಉದ್ಯಮ್ ಸರ್ಟಿಫಿಕೇಟ್ ಒಂದಾಯಿತು. ಜಿಎಸ್‌ಟಿ ಇಲ್ಲದವರು ಎರಡನೆಯದಾಗಿ ಬಿಸಿನೆಸ್ ಆದಾಯ ತೋರಿಸಿದ ರಿಟರ್ನ್ ಅಥವಾ ಅಂಗಡಿ ಕಾಯ್ದೆಯ ನೋಂದಣಿ ಕೊಡಬಹುದು. ಎರಡೂ ಕೊಡಲಾಗದವರಿಗೆ ಸ್ಥಳ ಪರಿಶೀಲನೆ ಮಾಡಿ ಒಂದೇ ಪುರಾವೆ ಒಪ್ಪುವ ವಿವೇಚನೆ ಬ್ಯಾಂಕಿಗೆ ಇದೆ. ಕೌಂಟರಿನಲ್ಲಿ ಆಗಲ್ಲ ಎಂದರೆ ಮ್ಯಾನೇಜರ್ ಹತ್ತಿರ ಇದನ್ನು ಕೇಳಿ.

ಪಕ್ಕದ ಕೌಂಟರ್‌ಗಳು

ವೃತ್ತಿ ತೆರಿಗೆ ಉದ್ಯಮ್‌ನಂತೆ ಐಚ್ಛಿಕವಲ್ಲ. 1976ರ ಕರ್ನಾಟಕ ಕಾಯ್ದೆಯಡಿ ಸ್ವಂತ ವೃತ್ತಿಯವರು ಎನ್‌ರೋಲ್‌ಮೆಂಟ್, ಅಂದರೆ ಇಸಿ ಮಾಡಿಸಿ ವರ್ಷಕ್ಕೆ 2,500 ರೂಪಾಯಿ ಕಟ್ಟಬೇಕು, ಕೊನೆಯ ದಿನ ಏಪ್ರಿಲ್ 30. ಆರ್‌ಸಿ (ರಿಜಿಸ್ಟ್ರೇಶನ್) ಎಂಬುದು ನೌಕರರನ್ನು ಇಟ್ಟುಕೊಂಡು ಅವರ ಸಂಬಳದಿಂದ ತೆರಿಗೆ ಮುರಿಯುವವರಿಗೆ. ಒಬ್ಬರೇ ಇರುವವರು ಆರ್‌ಸಿ ಮಾಡಿಸಿಕೊಂಡರೆ ಸಂಬಳ ಕೊಡದಿದ್ದರೂ ರಿಟರ್ನ್ ತುಂಬುವ ಕೆಲಸ ತಲೆಗೆ ಬೀಳುತ್ತದೆ. 60 ವರ್ಷ ದಾಟಿದವರಿಗೆ ವಿನಾಯಿತಿ. ವಾಣಿಜ್ಯ ತೆರಿಗೆ ಇಲಾಖೆಯ ಇ-ಪ್ರೇರಣ ಪೋರ್ಟಲ್ ನೋಡಲು ಹಳೆಯ ಕಾಲದ್ದು, ಆದರೆ ಕೆಲಸ ಮಾಡುತ್ತದೆ. ಇದಕ್ಕಿಂತ ಹೆಚ್ಚು ಹೇಳಲು ಏನಿಲ್ಲ.

ಜಿಎಸ್‌ಟಿ ವಿಷಯ ಹಾಗಲ್ಲ. ಸೇವೆಗೆ ವಾರ್ಷಿಕ ವಹಿವಾಟಿನ ಮಿತಿ 20 ಲಕ್ಷ; 40 ಲಕ್ಷದ ಮಿತಿ ಸರಕು ಮಾರುವವರಿಗೆ ಮಾತ್ರ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಗೊಂದಲ ಹೆಚ್ಚಿದ್ದು ಈ ಎರಡು ಅಂಕಿಗಳ ನಡುವೆಯೂ ಹೌದು. ಬೇರೆ ರಾಜ್ಯದ ಗಿರಾಕಿ ಇದ್ದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು ಎಂಬುದು ಸೇವೆಯ ಮಟ್ಟಿಗೆ ತಪ್ಪು, 2017ರ ಅಕ್ಟೋಬರ್‌ನಲ್ಲೇ 20 ಲಕ್ಷದವರೆಗೆ ವಿನಾಯಿತಿ ಬಂದಿದೆ. ಲೆಕ್ಕದಲ್ಲಿ ಎಡವುವುದು ಬೇರೆ ಕಡೆ: ವಹಿವಾಟು ಎಣಿಸುವುದು ಪ್ಯಾನ್ ಮೇಲೆ, ವಿದೇಶಕ್ಕೆ ಕೊಟ್ಟ ಸೇವೆಯೂ, ತೆರಿಗೆ ಇಲ್ಲದ ಮನೆ ಬಾಡಿಗೆಯೂ ಅದರಲ್ಲಿ ಸೇರುತ್ತದೆ. ಸಂಬಳ ಸೇರುವುದಿಲ್ಲ. ಫ್ರೀಲಾನ್ಸ್ 17 ಲಕ್ಷ, ಎರಡು ಮನೆಗಳ ಬಾಡಿಗೆ 4 ಲಕ್ಷ ಇದ್ದವರು ಮಿತಿ ದಾಟಿದ್ದಾರೆ.

ಜಿಎಸ್‌ಟಿ ಅರ್ಜಿಯನ್ನು ತಡೆದು ನಿಲ್ಲಿಸುವುದು ಮುಖ್ಯವಾಗಿ ಒಂದೇ ಸಂಗತಿ, ವಿಳಾಸದ ಪುರಾವೆ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬೆಸ್ಕಾಂ ಬಿಲ್ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲಿ, ಬಾಡಿಗೆ ಕರಾರು ಈಗಿನವರ ಮಗನ ಹೆಸರಿನಲ್ಲಿ, ತೆರಿಗೆ ರಸೀದಿ ತಾಯಿಯ ಹೆಸರಿನಲ್ಲಿ ಇರುವುದುಂಟು. ಅಧಿಕಾರಿ ಸ್ಪಷ್ಟೀಕರಣ ಕೇಳಿ ರೆಗ್-03 ನೋಟಿಸ್ ಕಳಿಸುತ್ತಾರೆ, ಉತ್ತರಕ್ಕೆ 7 ಕೆಲಸದ ದಿನ, ತಪ್ಪಿದರೆ ಅರ್ಜಿ ತಿರಸ್ಕೃತ. ಕರಾರು ಯಾರ ಹೆಸರಲ್ಲಿದೆಯೋ ಅವರದೇ ಹೆಸರಿನ ಆಸ್ತಿ ತೆರಿಗೆ ರಸೀದಿ, ಖಾತೆ ಅಥವಾ ವಿದ್ಯುತ್ ಬಿಲ್ ಮೂರರಲ್ಲಿ ಒಂದನ್ನು ಅರ್ಜಿ ಹಾಕುವ ಮುನ್ನವೇ ಹೊಂದಿಸಿಕೊಳ್ಳಿ. ಕರಾರು ರಿಜಿಸ್ಟರ್ ಆಗಿಲ್ಲದಿದ್ದರೆ ಮಾಲೀಕರ ಗುರುತಿನ ಚೀಟಿಯೂ ಬೇಕು. ಕೇಂದ್ರದ ಅಧಿಕಾರಿಗಳು ಇದಕ್ಕಿಂತ ಹೆಚ್ಚಿನ ದಾಖಲೆ ಕೇಳಬಾರದೆಂದು 2025ರ ಏಪ್ರಿಲ್ 17ರ ಸೂಚನೆ ಇದೆ. ಉತ್ತರ ಬರೆಯುವಾಗ ಅದನ್ನು ಉಲ್ಲೇಖಿಸಿ. ಎಲ್‌ಜಿಎಸ್‌ಟಿಒ, ಅಂದರೆ ಸ್ಥಳೀಯ ಜಿಎಸ್‌ಟಿ ಕಚೇರಿ ಆರಿಸುವಾಗ ಅಂದಾಜಿನಲ್ಲಿ ಒತ್ತಬೇಡಿ, ನಿಮ್ಮ ಪಿನ್‌ಕೋಡ್ ಯಾವ ಕಚೇರಿಗೆ ಸೇರಿದೆ ಎಂದು ನೋಡಿ ಆರಿಸಿ. ರಾಜ್ಯದ ಮಾಹಿತಿಯ ಪುಟದಲ್ಲಿ ವೃತ್ತಿ ತೆರಿಗೆಯ ಇಸಿ ಸಂಖ್ಯೆ ಕೇಳುತ್ತದೆ. ಆದ್ದರಿಂದ ಇಸಿ ಮೊದಲು, ಜಿಎಸ್‌ಟಿ ಆಮೇಲೆ.

2025ರ ನವೆಂಬರ್ 1ರಿಂದ 14ಎ ನಿಯಮದಡಿ, ನೋಂದಾಯಿತ ಗಿರಾಕಿಗಳಿಗೆ ಹಾಕುವ ತೆರಿಗೆ ತಿಂಗಳಿಗೆ ಎರಡೂವರೆ ಲಕ್ಷ ಮೀರದವರಿಗೆ ಆಧಾರ್ ದೃಢೀಕರಣದೊಂದಿಗೆ 3 ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ದಾರಿ ತೆರೆದಿದೆ. ಒಬ್ಬರೇ ದುಡಿಯುವವರಲ್ಲಿ ಹೆಚ್ಚಿನವರು ಇದರೊಳಗೆ ಬರುತ್ತಾರೆ. ನಂಬರ್ ಬಂದ ಮೇಲೆ 30 ದಿನದೊಳಗೆ, ಅಥವಾ ಮಾರಾಟದ ವಿವರದ ಮೊದಲ ರಿಟರ್ನ್ ಜಿಎಸ್‌ಟಿಆರ್-1ಕ್ಕೂ ಮೊದಲು, ಯಾವುದು ಮುಂಚೆಯೋ ಅಷ್ಟರೊಳಗೆ ಬ್ಯಾಂಕ್ ಖಾತೆ ಸೇರಿಸದಿದ್ದರೆ ನೋಂದಣಿ ಅಮಾನತಾಗುತ್ತದೆ. ವಿದೇಶದ ಗಿರಾಕಿಗೆ ತೆರಿಗೆ ಹಾಕದೆ ಬಿಲ್ ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಬೇಕು; ಅದು ಆ ಆರ್ಥಿಕ ವರ್ಷಕ್ಕೆ ಮಾತ್ರ, ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಸಲ್ಲಿಸಬೇಕು. ಕೆಲಸವೇ ಇಲ್ಲದ ಅವಧಿಗೂ ರಿಟರ್ನ್ ಇದೆ. ಮರೆತರೆ ಶೂನ್ಯ ರಿಟರ್ನಿಗೂ ದಿನಕ್ಕೆ 20 ರೂಪಾಯಿ ತಡ ಶುಲ್ಕ ಬೀಳುತ್ತದೆ. ಮಿತಿಯೊಳಗೆ ಇರುವವರು, ಗಿರಾಕಿ ಒತ್ತಾಯಿಸದಿದ್ದರೆ, ಸುಮ್ಮನೆ ದೊಡ್ಡಸ್ತಿಕೆಗೆ ಜಿಎಸ್‌ಟಿ ಮಾಡಿಸದಿರುವುದೇ ಲೇಸು.

1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇ-ಕಾರ್ಮಿಕ ಪೋರ್ಟಲ್ಲಿನಲ್ಲಿ ಆಗುತ್ತದೆ. ಕಚೇರಿ ತೆರೆದ 30 ದಿನದೊಳಗೆ ಅರ್ಜಿ, ಸರ್ಟಿಫಿಕೇಟಿಗೆ 5 ವರ್ಷ ಆಯಸ್ಸು. ಮನೆಯ ಕೋಣೆಯಲ್ಲಿ ಒಬ್ಬರೇ ಕೂತು ಕೋಡ್ ಬರೆಯುವವರಿಗಿಂತ, ಬಾಡಿಗೆ ಕಚೇರಿ ಹಿಡಿದು ಸಹಾಯಕರನ್ನು ಇಟ್ಟುಕೊಂಡವರಿಗೆ ಇದು ನಿಜಕ್ಕೂ ಸಂಬಂಧಿಸಿದ್ದು. ಪಾಲಿಕೆಯ ಟ್ರೇಡ್ ಲೈಸೆನ್ಸ್ ಕಟ್ಟಡದಲ್ಲಿ ನಡೆಯುವ ವ್ಯಾಪಾರಕ್ಕೆ. ಸ್ಟುಡಿಯೊ, ವರ್ಕ್‌ಶಾಪ್, ಅಡುಗೆಮನೆ ಇದ್ದವರು ವಿಚಾರಿಸಲೇಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿವೆ, ಹಾಗಾಗಿ ಹಳೆಯ ವಾರ್ಡ್ ಕಚೇರಿಯ ಬದಲು ನಿಮ್ಮ ವಿಳಾಸ ಈಗ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ನೋಡಿ. ವಿದ್ಯುತ್ ಗುತ್ತಿಗೆ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇಲ್ಲದೆ ಕೈ ಹಾಕುವಂತಿಲ್ಲ, ಅಡುಗೆ ಮಾಡಿ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಲೈಸೆನ್ಸ್ ಬೇಕು. ಈ ಕಡೆ ಉದ್ಯಮ್ ಸರ್ಟಿಫಿಕೇಟ್ ತೋರಿಸಿದರೆ ಯಾರೂ ಮೂಸುವುದಿಲ್ಲ.

ಕೆಲಸ ನಿಲ್ಲಿಸಿ ಮತ್ತೆ ನೌಕರಿಗೆ ಸೇರುವವರು ಬಾಗಿಲು ಹಾಕುವ ಕ್ರಮವನ್ನೂ ತಿಳಿದಿರಬೇಕು. ಉದ್ಯಮ್‌ಗೆ ರಿಟರ್ನ್ ಇಲ್ಲದ ಕಾರಣ ಹಾಗೇ ಬಿಟ್ಟರೂ ಬಾಕಿ ಬೆಳೆಯುವುದಿಲ್ಲ. ಜಿಎಸ್‌ಟಿ ರದ್ದತಿಗೆ ರೆಗ್-16 ಅರ್ಜಿ ಹಾಕಬೇಕು, ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಸಲ್ಲಿಸಬೇಕು. ಹೆಚ್ಚಿನವರು ಬಿಡುವುದು ಈ ಎರಡನೆಯ ಹೆಜ್ಜೆಯನ್ನೇ. ವೃತ್ತಿ ತೆರಿಗೆಯ ಇಸಿಯನ್ನು ಅರ್ಜಿ ಕೊಟ್ಟು ರದ್ದು ಮಾಡಿಸದಿದ್ದರೆ ಇಲಾಖೆಯ ಲೆಕ್ಕದಲ್ಲಿ ನೀವು ಇನ್ನೂ ವೃತ್ತಿಯಲ್ಲೇ ಇದ್ದೀರಿ, ಪ್ರತಿ ಏಪ್ರಿಲ್‌ಗೂ 2,500 ಸೇರುತ್ತಲೇ ಇರುತ್ತದೆ.